ಇವತ್ತು ಎಷ್ಟು ಕಡ್ಡಿ?

ಬಾಯಿ ಕ್ಯಾನ್ಸರಿಗೆ ಆಪರೇಷನ್, ರೇಡಿಯೇಷನ್ ಮುಗಿಸಿಕೊಂಡು ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಿಗೆ ಮರಳಿದವರ ಜೊತೆ ನಾವು ಕೆಲಸ ಮಾಡುವುದು ಫೋನಿನಲ್ಲಿ. "ವ್ಯಾಯಾಮ ಮಾಡಿದ್ರಾ ಅಮ್ಮಾ?" ಎಂದು ಕೇಳಿದರೆ "ಹ್ಞೂಂ, ಮಾಡ್ದೆ" ಎಂಬ ಉತ್ತರ ತಪ್ಪದೇ ಬರುತ್ತದೆ. ಅದರಿಂದ ಏನೂ ತಿಳಿಯದು. "ಇವತ್ತು ಎಷ್ಟು ಕಡ್ಡಿ ಹಿಡೀತು?" ಎಂದರೆ ಒಂದು ಅಂಕಿ ಸಿಗುತ್ತದೆ.

ಕಡ್ಡಿ ಅಂದರೆ ಐಸ್‌ಕ್ರೀಮ್ ಕಡ್ಡಿ. ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಎಷ್ಟು ಹಿಡಿಯುತ್ತವೋ, ಬಾಯಿ ಅಷ್ಟು ತೆರೆಯುತ್ತದೆ ಎಂದು ಅಳತೆ; ಬಾಯಿ ತೆರೆಯುವ ವ್ಯಾಯಾಮವೂ ಅದರಲ್ಲೇ. ರೇಡಿಯೇಷನ್ ತಗುಲಿದ ದವಡೆಯ ಸ್ನಾಯು ಗಟ್ಟಿಯಾಗುವುದು ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ನಡೆದೇ ಇರುತ್ತದೆ. ಬಾಯಿ ದಿನಕ್ಕೊಂದಿಷ್ಟೇ ಬಿಗಿಯುವುದರಿಂದ, ರೊಟ್ಟಿ ಚೂರು ಒಳಗೆ ಹೋಗದ ದಿನವೇ ಮನೆಯವರಿಗೆ ಗೊತ್ತಾಗುವುದು. ಬಾಯಿ ಪೂರ್ತಿ ತೆರೆದಾಗ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವಿನ ಅಂತರ 35 ಮಿಲಿಮೀಟರ್ ಅಥವಾ ಅದಕ್ಕೂ ಕಡಿಮೆಯಾದರೆ ಬಾಯಿ ಬಿಗಿದಿದೆ ಎಂದು ಲೆಕ್ಕ. ಒಂದು ಕಡ್ಡಿ ಸುಮಾರು 2 ಮಿಲಿಮೀಟರ್ ದಪ್ಪ; 18 ಕಡ್ಡಿ ಹಿಡಿದರೆ ಬಿಗಿತದ ಗೆರೆ ದಾಟಿ ಹೊರಬಂದಂತೆ.

ಆಪರೇಷನ್ ಮಾಡಿದ ವೈದ್ಯರು ಸರಿ ಎಂದ ಮೇಲಷ್ಟೇ ಶುರು. ಉಗುರುಬೆಚ್ಚಗಿನ ನೀರು ಮುಕ್ಕಳಿಸಿ, ಆರಾಮಾಗಿ ಹಿಡಿಯುವಷ್ಟು ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ನಡುವೆ ಇಡಬೇಕು. ಕಟ್ಟಿನ ಮಧ್ಯಕ್ಕೆ ಇನ್ನೊಂದನ್ನು ಮೆಲ್ಲಗೆ ತೂರಿಸಿ 30 ಸೆಕೆಂಡು ತಡೆದು ತೆಗೆಯಬೇಕು. ಹೀಗೆ 5 ಸಲ, ದಿನಕ್ಕೆ 3 ಹೊತ್ತು. ಎಳೆತ ಇರಬೇಕು, ಚುಚ್ಚುವ ನೋವು ಇರಬಾರದು. ಹಲ್ಲು ಅಲುಗುತ್ತಿದ್ದರೆ ಕಡ್ಡಿಯನ್ನೇ ಮುಟ್ಟಬೇಡಿ, ಮೊದಲು ವೈದ್ಯರನ್ನು ಕೇಳಿ.

ಕೆಡುವುದು ಸಣ್ಣ ಸಣ್ಣ ಕಡೆ. ಒಂದೇ ದಿನ ಮೂರು ಕಡ್ಡಿ ಏರಿಸಿ, ಗಾಯವಾಗಿ, ವಾರ ಬಿಡುತ್ತಾರೆ. ಅಲ್ಲಿಯವರೆಗೆ ಗಳಿಸಿದ್ದರಲ್ಲಿ ಒಂದಿಷ್ಟು ಆ ವಾರದಲ್ಲಿ ಹೋಗಬಹುದು. ಬೇರೆ ಪ್ಯಾಕೆಟ್ಟಿನ ಕಡ್ಡಿಯ ದಪ್ಪ ಬೇರೆ, ಲೆಕ್ಕ ತಪ್ಪುತ್ತದೆ. ಆಷಾಢದ ಮಳೆಗಂತೂ ಕಡ್ಡಿಗೆ ಬೂಸ್ಟು ಹಿಡಿಯುತ್ತದೆ. ತೊಳೆದು ಒಲೆಯ ಹತ್ತಿರ ಒಣಗಿಸಿ, ವಾರಕ್ಕೊಮ್ಮೆ ಬದಲಿಸಿ. ಬಾಯಿಯ ಫೋಟೊ ಕಳಿಸಿ ಎಂದು ನಾವು ಕೇಳುವುದಿಲ್ಲ, ಕ್ಯಾಮೆರಾ ಸ್ವಲ್ಪ ವಾಲಿದರೂ ಅಳತೆ ಸುಳ್ಳಾಗುತ್ತದೆ. ಅಂಕಿಯಾದರೆ ಸಾದಾ ಎಸ್‌ಎಂಎಸ್‌ನಲ್ಲೂ ಬರುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಹಿಂದೆಯೇ ಟವರೂ ಹೋಗುವ ಊರುಗಳಿಗೆ ವಿಡಿಯೊ ಕಾಲ್ ಆಗಿಬರುವ ಮಾತಲ್ಲ. ನಾವು ಕಳಿಸುವುದು ಒಂದು ನಿಮಿಷದೊಳಗಿನ ಧ್ವನಿ ಸಂದೇಶ, ಅದರಲ್ಲಿ ಒಂದೇ ವಿಷಯ, ಸಿಗ್ನಲ್ ಸಿಕ್ಕಾಗ ಇಳಿಯಲಿ.

ರೋಗಿಯ ಹೆಸರು ಬರೆದುಕೊಳ್ಳುವಾಗ ಮೊದಲು ಕೇಳಬೇಕಾದದ್ದು: ಈ ಫೋನು ಯಾರ ಕೈಯಲ್ಲಿರುತ್ತದೆ? ಎಷ್ಟೋ ಸಲ ನಂಬರು ಬೆಂಗಳೂರಿನಲ್ಲಿರುವ ಮಗನದು. ಸಂದೇಶಕ್ಕೆ ನೀಲಿ ಗೆರೆ ಬೀಳುತ್ತದೆ, ತಾಯಿಯ ಕಿವಿಗೆ ಬಿದ್ದಿರುವುದಿಲ್ಲ. ಮನೆಯಲ್ಲಿ ಜೊತೆಗಿರುವ ಸೊಸೆ ಅಥವಾ ಮೊಮ್ಮಗನ ನಂಬರನ್ನೂ ಪಡೆಯಿರಿ, ರೋಗಿಯ ಒಪ್ಪಿಗೆ ಕೇಳಿಯೇ.

ಮುಕ್ಕಳಿಸುವ ನೀರಿಗೆ: ಕುದಿಸಿ ಆರಿಸಿದ 1 ಲೀಟರ್ ನೀರು, 1 ಚಮಚ ಉಪ್ಪು, 1 ಚಮಚ ಅಡುಗೆ ಸೋಡಾ. ಬಟ್ಟೆ ಸೋಡಾ ಅಲ್ಲ ಎಂದು ಪ್ರತಿ ಸಲವೂ ಹೇಳಿ. ಚಮಚ ಎಂದರೆ ಟೀ ಚಮಚ.

ಹಲ್ಲು ಕೀಳಿಸುವುದು ಮಾತ್ರ ಬಹಳ ಎಚ್ಚರದ ವಿಷಯ. ರೇಡಿಯೇಷನ್ ಆದ ದವಡೆಯಲ್ಲಿ ರಕ್ತಸಂಚಾರ ಕಡಿಮೆಯಾಗಿ, ವರ್ಷಗಳ ನಂತರ ಹಲ್ಲು ಕಿತ್ತರೂ ಗಾಯ ಮಾಯದೆ ಮೂಳೆ ಕೊಳೆಯಬಹುದು. ಹಲ್ಲಿನ ಶಿಬಿರಕ್ಕೆ ಹೋದರೂ ದವಡೆಗೆ ರೇಡಿಯೇಷನ್ ಆಗಿದೆ ಎಂಬುದೇ ಮೊದಲ ಮಾತಾಗಬೇಕು.

ಇನ್ನು ಎಲೆ-ಅಡಿಕೆ. ತೋಟವೇ ಅಡಿಕೆಯಾದಾಗ ಈ ಮಾತು ಹೇಳುವುದು ನಮಗೂ ಮುಜುಗರ. ಆದರೆ ಹೊಗೆಸೊಪ್ಪು ಬಿಟ್ಟರೆ ಸಾಕು ಎಂಬುದು ತಪ್ಪು; ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಬರೀ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಬಾಯಿ ಬಿಗಿಯುವುದಕ್ಕೂ ಅದು ಕಾರಣವೇ. ನೆಂಟರ ಮನೆಯಲ್ಲಿ ತಟ್ಟೆ ಬಂದಾಗ ಮುಟ್ಟಿ ನಮಸ್ಕರಿಸಿ ಮುಂದಕ್ಕೆ ದಾಟಿಸಿದರೆ ಯಾರಿಗೂ ಬೇಸರವಾಗದು.

ಅಂಕಿ ಬರೆಯಲು ಆ್ಯಪ್ ಬೇಡ. ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ ಬರೆಯುವ ಗೋಡೆ ಕ್ಯಾಲೆಂಡರಿನಲ್ಲೇ ಕಡ್ಡಿಯ ಲೆಕ್ಕವೂ ಇರಲಿ. ವಾರದಲ್ಲಿ 2 ಕಡ್ಡಿ ಇಳಿದರೆ, ಹೊಸ ಗಂಟು ಕಂಡರೆ, ಎರಡು ವಾರವಾದರೂ ಮಾಯದ ಹುಣ್ಣಿದ್ದರೆ ಮುಂದಿನ ತಾರೀಖಿಗೆ ಕಾಯದೆ ಹೊರಡಬೇಕು. ಹೋಗುವಾಗ ಕ್ಯಾಲೆಂಡರಿನ ಆ ಹಾಳೆಯನ್ನೂ ಮಡಿಸಿ ಫೈಲಿಗೆ ಸೇರಿಸಿ.