ಸ್ಪ್ಯಾಮ್ ಫಿಲ್ಟರ್ ಲಾಗಿನಲ್ಲಿ ಯೂನಿಕೋಡ್ ಗೊಣಗಾಟ: ನನ್ನ ಅನುಭವ

ನಮ್ಮ ಆಫೀಸಿನ ಮೇಲ್ ಸರ್ವರ್‌ನಲ್ಲಿ ಬೇಡದ ಮೇಲ್ (ಸ್ಪ್ಯಾಮ್) ಹಿಡಿಯುವ ಹಳೆಯ ತಂತ್ರಾಂಶ ಸ್ಪ್ಯಾಮ್‌ಅಸ್ಯಾಸಿನ್ ಇತ್ತು. ಲಾಗ್ ತೆರೆದರೆ ಒಂದೇ ರಗಳೆ: ಡಿಕೋಡ್ ಆಗದ ಯುಟಿಎಫ್-8 ಪಾರ್ಸ್ ಮಾಡಿದರೆ ಎಂಟಿಟಿ ಬಿಡಿಸುವಾಗ ಕಸ ಬರುತ್ತೆ ಅಂತ. ಯುಟಿಎಫ್-8 ಅಂದರೆ ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ವಿಧಾನ; ಎಂಟಿಟಿ ಅಂದರೆ ಅಕ್ಷರದ ಬದಲು ಎಚ್‌ಟಿಎಂಎಲ್‌ನಲ್ಲಿ ಬರೆಯುವ ಸಂಕೇತ. ಮೇಲ್ ಏನೋ ಹೋಗಿಬಂದು ಮಾಡುತ್ತಿತ್ತು. ಆ ಸಾಲನ್ನು ಲಾಗಿನಿಂದ ಸೋಸಿಬಿಡಿ ಎಂದವರೂ ಇದ್ದರು. ನನಗೆ ಮನಸ್ಸಾಗಲಿಲ್ಲ. ಫಿಲ್ಟರೇ ಕಸ ಓದುತ್ತಿದ್ದರೆ ಅದು ಕೊಡುವ ಸ್ಕೋರಿಗೆ ಏನು ಬೆಲೆ?

ಯಾವ ಮೇಲ್‌ನಿಂದ ಬಂತು ಎಂದು ಎಚ್ಚರಿಕೆ ಹೇಳುವುದಿಲ್ಲ. ಆದರೆ ಪ್ರೋಸೆಸ್ ನಂಬರ್ ಇರುತ್ತದೆ. ಅದೇ ನಂಬರಿನ ಹಿಂದಿನ ಸಾಲು ಹುಡುಕಿದರೆ ಮೆಸೇಜ್ ಐಡಿ ಸಿಕ್ಕಿತು. ತೆರೆದು ನೋಡಿದೆ. ಕನ್ನಡದ ಎಚ್‌ಟಿಎಂಎಲ್ ಮೇಲ್. ರೂಪಾಯಿ ಚಿಹ್ನೆ ಮಾತ್ರ ನೇರವಾಗಿ ಇರಲಿಲ್ಲ, 8377 ಎಂಬ ಎಂಟಿಟಿಯಾಗಿತ್ತು. ‘ಕ’ ಅಂದರೆ ಯುಟಿಎಫ್-8ನಲ್ಲಿ 224, 178, 149 ಎಂಬ ಮೂರು ಬೈಟು. ಡಿಕೋಡ್ ಮಾಡದಿದ್ದರೆ, ಈ ಫಿಲ್ಟರ್ ಬರೆದಿರುವ ಭಾಷೆಯಾದ ಪರ್ಲ್‌ಗೆ ಅವು ಮೂರು ಬೇರೆ ಅಕ್ಷರ. ಅದರ ಪಕ್ಕಕ್ಕೆ ನಿಜವಾದ ‘₹’ ಬಂದು ಕೂತರೆ ಎಲ್ಲ ಕಲಸುಮೇಲೋಗರ.

2022ರ ಡಿಸೆಂಬರಿನಲ್ಲಿ ಬಂದ 4.0 ಆವೃತ್ತಿಗೆ ಹೋದೆ. ಅದರಲ್ಲಿ ನಾರ್ಮಲೈಸ್ ಚಾರ್‌ಸೆಟ್ ಆಯ್ಕೆ ತಾನಾಗಿಯೇ ಆನ್ ಇರುತ್ತದೆ. ಬೇರೆ ಎನ್‌ಕೋಡಿಂಗ್‌ನ ಪಠ್ಯವನ್ನು ಯುಟಿಎಫ್-8ಗೆ ತಿರುಗಿಸಿಯೇ, ಸ್ಪ್ಯಾಮ್ ಗುರುತು ಹುಡುಕುವ ರೂಲ್‌ಗಳ ಕೈಗೆ ಕೊಡುತ್ತದೆ. ಗೊಣಗಾಟ ನಿಂತಿತು.

ನಿಜವಾದ ಕೆಲಸ ಶುರುವಾದದ್ದು ಆಮೇಲೆ. ರೂಲ್‌ಗಳು ಈಗಲೂ ನೋಡುವುದು ಬೈಟುಗಳನ್ನೇ. ಸಾಲದ ಸ್ಪ್ಯಾಮ್ ಹಿಡಿಯಲು, ‘ಸಾಳ’ ಅಂತ ತಪ್ಪು ಬರೆದವರನ್ನೂ ಸೇರಿಸಿ, ಯಾರೋ ‘ಸಾ[ಲಳ]’ ಎಂದು ರೂಲ್ ಬರೆದಿದ್ದರು. ಚೌಕ ಬ್ರಾಕೆಟ್ ಅಂದರೆ ಒಳಗಿನದರಲ್ಲಿ ಯಾವುದಾದರೂ ಒಂದು; ಆದರೆ ಇಲ್ಲಿ ಅದು ಒಂದೇ ಬೈಟು ಹಿಡಿಯುತ್ತದೆ. ಕನ್ನಡದ ಎಲ್ಲ ಅಕ್ಷರಗಳ ಮೊದಲ ಬೈಟೂ 224. ಹಾಗಾಗಿ ‘ಸಾ’ ಆದಮೇಲೆ ಯಾವ ಕನ್ನಡ ಅಕ್ಷರ ಬಂದರೂ ರೂಲ್ ತಗುಲುತ್ತಿತ್ತು. ಸಾರು, ಸಾಂಬಾರ್ ಇರುವ ಕ್ಯಾಂಟೀನ್ ಮೆನು ಕೂಡ ಸಾಲದ ಜಾಹೀರಾತು! ಅದನ್ನು ‘ಸಾ(?:ಲ|ಳ)’ ಎಂದು ಬದಲಿಸಿದೆ. ಕನ್ನಡ, ಹಿಂದಿ ರೂಲ್ ಬರೆಯುವವರು ಚೌಕ ಬ್ರಾಕೆಟ್ ಮುಟ್ಟದಿರುವುದೇ ವಾಸಿ.

ಇನ್ನೊಂದು ರೂಲ್ ಕಣ್ಣಿಗೆ ಕಾಣದ ಅಕ್ಷರಗಳಿಗೆ ದಂಡ ಹಾಕುತ್ತಿತ್ತು. ಪದ ಒಡೆದು ಫಿಲ್ಟರ್ ತಪ್ಪಿಸಲು ಸ್ಪ್ಯಾಮ್ ಕಳಿಸುವವರು ಅವನ್ನು ತುರುಕುತ್ತಾರೆ, ನಿಜ. ಆದರೆ ‘ಸಾಫ್ಟ್‌ವೇರ್’ ಎಂದು ಸರಿಯಾಗಿ ಬರೆಯಲು ನಮಗೂ ಜ಼ೀರೋ ವಿಡ್ತ್ ನಾನ್ ಜಾಯಿನರ್ ಎಂಬ ಕಾಣದ ಅಕ್ಷರ ಬೇಕೇ ಬೇಕು, ಅಲ್ವಾ? ಕನ್ನಡದ ಅರ್ಧಾಕ್ಷರದ ಚಿಹ್ನೆಯ ನಂತರ ಅದು ಬಂದರೆ ದಂಡ ಬೇಡ ಎಂದು ರೂಲ್ ತಿದ್ದಿದೆ.

ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನ ಪಠ್ಯವನ್ನು ಹಾಗೇ ಅಂಟಿಸಿ ಕಳಿಸುವವರು ಇನ್ನೂ ಇದ್ದಾರೆ. ಅದು ತಲೆಬುಡವಿಲ್ಲದ ರೋಮನ್ ಅಕ್ಷರಗಳಾಗಿ ಬರುತ್ತದೆ. ಎನ್‌ಕೋಡಿಂಗ್ ಪ್ರಕಾರ ತಪ್ಪಿಲ್ಲದ ಕಾರಣ ಒಂದೂ ಎಚ್ಚರಿಕೆ ಬರುವುದಿಲ್ಲ. ಅಂಥವರಲ್ಲಿ ನಮಗೆ ಗೊತ್ತಿರುವವರನ್ನು, ಸ್ಪ್ಯಾಮ್ ಎಂದು ತಡೆಯಬಾರದವರ ಪಟ್ಟಿಯಾದ ವೆಲ್‌ಕಮ್‌ಲಿಸ್ಟ್‌ಗೆ ಹಾಕಿದ್ದೇನೆ.