ಎಪಿಐ ಕಾಲ್ ಒಮ್ಮೆ ಹೋಗುತ್ತದೆ, ಒಮ್ಮೆ ಹೋಗಲ್ಲ: ತಪ್ಪು ಹುಡುಕುವುದು ಹೀಗೆ

ನಿಮ್ಮ ಪ್ರೋಗ್ರಾಂ ಎಪಿಐ ಮೂಲಕ, ಅಂದರೆ ನೆಟ್‌ವರ್ಕಿನ ಮೇಲೆ ಇನ್ನೊಂದು ಸರ್ವರಿಗೆ ಕೆಲಸ ಹೇಳುವ ದಾರಿಯಲ್ಲಿ, ನೂರು ಸಲ ಕಾಲ್ ಮಾಡಿದರೆ ತೊಂಬತ್ತೆಂಟು ಸಲ ಉತ್ತರ ಸರಿಯಾಗಿ ಬರುತ್ತದೆ. ಎರಡು ಸಲ 'ಕನೆಕ್ಷನ್ ರೀಸೆಟ್'. ಮತ್ತೆ ಓಡಿಸಿದರೆ ಏನೂ ಆಗಿಲ್ಲವೆಂಬಂತೆ ನಡೆಯುತ್ತದೆ. ಇದನ್ನು ಕಂಡ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗಡುವು) ಜಾಸ್ತಿ ಮಾಡಿ, ಮೂರು ಸಲ ರೀಟ್ರೈ (ತಾನಾಗಿ ಮತ್ತೆ ಕಾಲ್ ಮಾಡುವುದು) ಹಾಕುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಹೀಗೆ ಹಾಕಿದ ರೀಟ್ರೈಯಿಂದ ಒಂದೇ ಆರ್ಡರಿಗೆ ಎರಡು ಸಲ ದುಡ್ಡು ಕಟ್ ಆದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಆದ್ದರಿಂದ ರೀಟ್ರೈ ಕೊನೆಗೆ.

ಮೊದಲು ಎರರ್ ಪೂರ್ತಿ ಓದಿ. 'ರೆಫ್ಯೂಸ್ಡ್' ಅಂದರೆ ಆ ಪೋರ್ಟಿನಲ್ಲಿ (ಕನೆಕ್ಷನ್ನಿನ ನಂಬರ್ ಹಾಕಿದ ಬಾಗಿಲು) ಕೇಳಿಸಿಕೊಳ್ಳುವವರೇ ಇಲ್ಲ, ಅಥವಾ ಫೈರ್‌ವಾಲ್ ಬೇಡ ಅಂದಿದೆ. 'ಟೈಮ್ಡ್ ಔಟ್' ಅಂದರೆ ಉತ್ತರವೇ ಬರಲಿಲ್ಲ. 'ರೀಸೆಟ್' ಅಂದರೆ ಲೈನ್ ಸಿಕ್ಕಿತ್ತು, ಆಮೇಲೆ ಯಾರೋ ಕತ್ತರಿಸಿದರು. ಎಲ್ಲವನ್ನೂ 'ನೆಟ್‌ವರ್ಕ್ ಎರರ್' ಅಂತ ಒಂದೇ ಸಾಲಿನಲ್ಲಿ ಲಾಗ್ ಮಾಡುವ ಕೋಡ್ ಇದ್ದರೆ ಇವತ್ತೇ ಬದಲಿಸಿ.

ಎರಡನೆಯದು, ಸಮಯ ಅಳೆಯಿರಿ. ಕರ್ಲ್ ಅನ್ನುವ ಕಮಾಂಡ್, ಸರ್ವರಿನ ಹೆಸರಿಗೆ ವಿಳಾಸ ಹುಡುಕಲು ಎಷ್ಟು, ಕನೆಕ್ಟ್ ಆಗಲು ಎಷ್ಟು, ಟಿಎಲ್‌ಎಸ್‌ಗೆ (ಕನೆಕ್ಷನ್ನಿಗೆ ಗುಪ್ತಲಿಪಿಯ ರಕ್ಷಣೆ ಹಾಕುವ ಹಂತ) ಎಷ್ಟು ಹೊತ್ತಾಯಿತು ಅಂತ ಬೇರೆ ಬೇರೆಯಾಗಿ ಹೇಳುತ್ತದೆ. ಆಗಾಗ ಸರಿಯಾಗಿ 5 ಸೆಕೆಂಡ್ ತಡವಾದರೆ ಡಿಎನ್‌ಎಸ್ (ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ) ಮೇಲೆ ಅನುಮಾನ ಇಡಿ, ಲಿನಕ್ಸ್‌ನಲ್ಲಿ ಅದು ಉತ್ತರಕ್ಕೆ ಕಾಯುವ ಡೀಫಾಲ್ಟ್ ಅವಧಿ ಅಷ್ಟೇ. ಕನೆಕ್ಟ್ ಆಗಲು 1 ಅಥವಾ 3 ಸೆಕೆಂಡ್ ಹಿಡಿದರೆ ಮೊದಲ ಪ್ಯಾಕೆಟ್ ದಾರಿಯಲ್ಲಿ ಕಳೆದುಹೋಗಿ ಮತ್ತೆ ಕಳಿಸಿರಬಹುದು. ಪಿಂಗ್ ಹೋಗುತ್ತಿದೆ ಅಂತ ಸಮಾಧಾನ ಪಡಬೇಡಿ. ಅದು ಬೇರೆ ಪ್ರೋಟೋಕಾಲ್, ನಿಮ್ಮ ಪೋರ್ಟಿನ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ.

ಈಗ ಎಲ್ಲರೂ ಎಡವುವ ಜಾಗ. ಒಂದು ಪ್ರಶ್ನೆ ಕೇಳಿಕೊಳ್ಳಿ: ತಪ್ಪು ಆಗುವುದು ಟ್ರಾಫಿಕ್ ಜಾಸ್ತಿ ಇದ್ದಾಗಲೋ, ಕಡಿಮೆ ಇದ್ದಾಗಲೋ? ಲೋಡ್ ಟೆಸ್ಟಿನಲ್ಲಿ ಒಂದೂ ಫೇಲ್ ಇಲ್ಲ, ಊಟದ ಹೊತ್ತು ಮುಗಿದ ಮೇಲೆ ಬರುವ ಮೊದಲ ಕಾಲ್ ಮಾತ್ರ ಬೀಳುತ್ತದೆ ಅಂದರೆ ಕಾರಣ ಹಳೆಯ ಕನೆಕ್ಷನ್. ನಿಮ್ಮ ಲೈಬ್ರರಿ ಒಮ್ಮೆ ತೆರೆದ ಕನೆಕ್ಷನ್ನನ್ನು ಪೂಲ್‌ನಲ್ಲಿ, ಅಂದರೆ ತೆರೆದ ಕನೆಕ್ಷನ್‌ಗಳ ಗುಂಪಿನಲ್ಲಿ, ಇಟ್ಟುಕೊಂಡು ಮತ್ತೆ ಬಳಸುತ್ತದೆ. ಆ ಕಡೆಯ ಸರ್ವರ್ ಸುಮ್ನೆ ಬಿದ್ದಿರುವ ಕನೆಕ್ಷನ್ನನ್ನು ಸ್ವಲ್ಪ ಹೊತ್ತಿಗೆ ಮುಚ್ಚುತ್ತದೆ. ನೋಡ್ (ಜಾವಾಸ್ಕ್ರಿಪ್ಟ್ ಓಡಿಸುವ Node.js) ಸರ್ವರಿನ ಬಹಳಷ್ಟು ಆವೃತ್ತಿಗಳಲ್ಲಿ ಇದು 5 ಸೆಕೆಂಡ್, ಅಮೆಜಾನಿನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರಿನಲ್ಲಿ (ಬರುವ ಕಾಲ್‌ಗಳನ್ನು ಹಿಂದಿನ ಸರ್ವರ್‌ಗಳಿಗೆ ಹಂಚುವಂಥದ್ದು) ಡೀಫಾಲ್ಟ್ 60. ಮುಚ್ಚಿದ ಸುದ್ದಿ ನಿಮಗೆ ತಲುಪುವ ಮೊದಲೇ ನಿಮ್ಮ ಕಾಲ್ ಹೊರಟಿರುತ್ತದೆ. ಅಂಗಡಿಯವರು ಶಟರ್ ಎಳೆಯುವ ಹೊತ್ತಿಗೇ ನೀವು ಒಳಗೆ ಕಾಲಿಟ್ಟ ಹಾಗೆ. ಉತ್ತರ: ರೀಸೆಟ್.

ಪರೀಕ್ಷಿಸುವುದು ಸುಲಭ. ಒಂದೇ ಕನೆಕ್ಷನ್ ಮೇಲೆ ಒಂದು ಕಾಲ್ ಮಾಡಿ, 4 ಸೆಕೆಂಡ್ ಬಿಟ್ಟು ಇನ್ನೊಂದು, ಆಮೇಲೆ 5, 6, ಹಾಗೇ 59, 60, 61 ಸೆಕೆಂಡ್ ಬಿಟ್ಟು. ಪ್ರತಿ ಅಂತರಕ್ಕೂ ಇಪ್ಪತ್ತು ಸಲವಾದರೂ ಮಾಡಿ, ಯಾಕೆಂದರೆ ಸಿಕ್ಕಿಬೀಳುವ ಕಿಂಡಿ ತುಂಬಾ ಸಣ್ಣದು. ಒಂದೇ ಅಂತರದ ಸುತ್ತ ಫೇಲ್‌ಗಳು ಗುಂಪಾದರೆ ಕಳ್ಳ ಸಿಕ್ಕಿದ. ನಡುವೆ ನ್ಯಾಟ್ ಗೇಟ್‌ವೇ (ಒಳಗಿನ ಯಂತ್ರಗಳನ್ನು ಹೊರಗಿನ ನೆಟ್‌ವರ್ಕಿಗೆ ಜೋಡಿಸುವಂಥದ್ದು) ಇದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ, ಅಮೆಜಾನಿನದ್ದು ಸುಮ್ನೆ ಬಿದ್ದಿರುವ ಕನೆಕ್ಷನ್ನನ್ನು 350 ಸೆಕೆಂಡ್ ಆದ ಮೇಲೆ ಮರೆತುಬಿಡುತ್ತದೆ. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ (ಕನೆಕ್ಷನ್ ಬದುಕಿದೆಯೇ ಅಂತ ಆಗಾಗ ತಟ್ಟಿ ನೋಡುವುದು) ಕಾಪಾಡುತ್ತದೆ ಅಂದುಕೊಳ್ಳಬೇಡಿ, ಆನ್ ಮಾಡಿದ್ದರೂ ಡೀಫಾಲ್ಟ್ ಆಗಿ ಅದು ಏಳುವುದು 7200 ಸೆಕೆಂಡ್ ಆದ ಮೇಲೆ, ಅಂದರೆ ಎರಡು ಗಂಟೆ!

ಮದ್ದು ಇಷ್ಟೇ: ಕಾಲ್ ಮಾಡುವವರು ಮೊದಲು ಮುಚ್ಚಬೇಕು. ಸರ್ವರ್ 60 ಸೆಕೆಂಡ್ ಕಾಯುವುದಾದರೆ ನಿಮ್ಮ ಪೂಲ್ 50ಕ್ಕೇ ಬಿಡಲಿ. ಲೋಡ್ ಬ್ಯಾಲೆನ್ಸರ್ ಹಿಂದೆ ನಿಮ್ಮದೇ ನೋಡ್ ಸರ್ವರ್ ಇದ್ದರೆ, ಅಲ್ಲಿ ಕಾಲ್ ಮಾಡುವುದು ಬ್ಯಾಲೆನ್ಸರ್, ಆದ್ದರಿಂದ ಸರ್ವರ್ 65 ಸೆಕೆಂಡ್ ಕಾಯಲಿ, ಇಲ್ಲದಿದ್ದರೆ ಆಗಾಗ 502 (ಹಿಂದಿನ ಸರ್ವರಿನಿಂದ ಸರಿಯಾದ ಉತ್ತರ ಸಿಗಲಿಲ್ಲ ಅನ್ನುವ ಎರರ್) ಬರುತ್ತದೆ.

ಕೆಲವರು ಅಡ್ಡದಾರಿ ಹಿಡಿದು ಪೂಲನ್ನೇ ತೆಗೆದು, ಪ್ರತಿ ಕಾಲ್‌ಗೂ ಹೊಸ ಕನೆಕ್ಷನ್ ತೆರೆಯುತ್ತಾರೆ. ದಯವಿಟ್ಟು ಬೇಡ. ಹೊರಗೆ ಹೋಗುವ ಪ್ರತಿ ಕನೆಕ್ಷನ್ನಿಗೂ ನಿಮ್ಮ ಕಡೆ ಒಂದು ಪೋರ್ಟ್ ಬೇಕು, ಲಿನಕ್ಸ್ ಡೀಫಾಲ್ಟ್ ಆಗಿ ಕೊಡುವುದು 32768ರಿಂದ 60999ರವರೆಗಿನ ಪೋರ್ಟ್‌ಗಳು, ಸುಮಾರು 28 ಸಾವಿರ. ನೀವು ಮುಚ್ಚಿದ ಪ್ರತಿ ಪೋರ್ಟ್ 60 ಸೆಕೆಂಡ್ ಹಾಗೇ ಕೂತಿರುತ್ತದೆ. ಒಂದೇ ವಿಳಾಸಕ್ಕೆ ಸೆಕೆಂಡಿಗೆ 470 ಹೊಸ ಕನೆಕ್ಷನ್‌ಗಳ ಮೇಲೆ ಹೋದರೆ ಪೋರ್ಟ್ ಖಾಲಿ, ಆಗ ಹೊಸದೊಂದು ಆಗಾಗ ಬರುವ ರೋಗ ಶುರು. ಐದು ನಿಮಿಷಕ್ಕೊಮ್ಮೆ ಬಂದು ನೋಡುವ ಮಾನಿಟರಿಂಗ್ ಸೇವೆಗಳಿಗೂ ಇದಕ್ಕೆಂದು ದುಡ್ಡು ಕೊಡಬೇಡಿ. ಸಾಮಾನ್ಯವಾಗಿ ಅವು ಪ್ರತಿ ಸಲ ಹೊಸ ಕನೆಕ್ಷನ್ ತೆರೆಯುತ್ತವೆ, ಹಾಗಿದ್ದ ಮೇಲೆ ಹಳೆಯದರ ತಪ್ಪು ಅವಕ್ಕೆ ಕಾಣುವುದೇ ಇಲ್ಲ ಅಲ್ವಾ?

ಇದ್ಯಾವುದೂ ಅಲ್ಲದಿದ್ದರೆ, ಆ ಹೆಸರಿಗೆ ಎಷ್ಟು ಐಪಿ ಇವೆ ನೋಡಿ, ಒಂದೊಂದಕ್ಕೂ ನೇರವಾಗಿ ಕಾಲ್ ಮಾಡಿ. ಐಪಿವಿ6 (ಹೊಸ ಬಗೆಯ ಉದ್ದದ ಐಪಿ) ವಿಳಾಸ ಮರೆಯಬೇಡಿ. ನಾಲ್ಕರಲ್ಲಿ ಒಂದು ಸತ್ತಿದ್ದರೂ ಹೀಗೇ ಆಗುತ್ತದೆ.

ಈಗ ರೀಟ್ರೈ ಹಾಕಿ. ಓದುವ ಕಾಲ್‌ಗಳಿಗೆ ಧೈರ್ಯವಾಗಿ ಹಾಕಬಹುದು. ದುಡ್ಡಿನ ಕಾಲ್‌ಗೆ ಐಡೆಂಪೊಟೆನ್ಸಿ ಕೀ (ಒಂದೇ ಕೆಲಸ ಎರಡು ಸಲ ಆಗದಂತೆ ಕಾಲ್ ಜೊತೆ ಕಳಿಸುವ ಗುರುತು) ಇಲ್ಲದೆ ಬೇಡವೇ ಬೇಡ, ಯಾಕೆಂದರೆ ರೀಸೆಟ್ ಬಂದಾಗ ಆ ಕಡೆ ಕೆಲಸ ಮುಗಿದಿತ್ತೋ ಇಲ್ಲವೋ ನಿಮಗೆ ಗೊತ್ತಾಗುವುದಿಲ್ಲ. ಪ್ರತಿ ಸಲ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡಿ, ಅದರಲ್ಲಿ ಸ್ವಲ್ಪ ಏರುಪೇರು ಸೇರಿಸಿ. 429 (ಕಾಲ್‌ಗಳು ಜಾಸ್ತಿಯಾದವು ಅನ್ನುವ ಉತ್ತರ) ಬಂದರೆ, ಜೊತೆಗೆ ರೀಟ್ರೈ ಆಫ್ಟರ್ ಹೆಡರ್ ಇದ್ದಲ್ಲಿ ಅದು ಹೇಳಿದಷ್ಟು ಹೊತ್ತು ಕಾಯಿರಿ. ಪೈಥಾನಿನ ರಿಕ್ವೆಸ್ಟ್ಸ್ ಲೈಬ್ರರಿ ಬಳಸುವವರು ಟೈಮ್‌ಔಟನ್ನು ಕೈಯಾರೆ ಕೊಡಬೇಕು, ಅದಕ್ಕೆ ಡೀಫಾಲ್ಟ್ ಅಂತ ಒಂದಿಲ್ಲ. ಮತ್ತೆ, ರೀಟ್ರೈ ಆದ ಪ್ರತಿ ಸಲವೂ ಆ ಕನೆಕ್ಷನ್ ಎಷ್ಟು ಸೆಕೆಂಡ್ ಸುಮ್ನೆ ಕೂತಿತ್ತು ಅಂತ ಲಾಗ್‌ನಲ್ಲಿ ಒಂದು ಸಾಲು ಬರಲಿ.