ಉಪಕೇಂದ್ರಕ್ಕೆ ಫೈಬರ್: ತೋಟ ದಾಟಿಸುವ ಬಗೆ

ದೂರದ ವೈದ್ಯರನ್ನು ವಿಡಿಯೊದಲ್ಲಿ ಕಾಣುವ ಸರ್ಕಾರಿ ಸೇವೆ ಇ-ಸಂಜೀವಿನಿಯಲ್ಲಿ ವೈದ್ಯರ ಮುಖ ಕಾಣಿಸಿ ಮಾತು ಮಾತ್ರ ತುಂಡು ತುಂಡಾಗಿ ಬಂದಾಗ, ಹೊಸನಗರ, ತೀರ್ಥಹಳ್ಳಿ ಕಡೆಯ ಆರೋಗ್ಯ ಉಪಕೇಂದ್ರಗಳಲ್ಲಿ ಎಲ್ಲರೂ ಬಯ್ಯುವುದು ಟವರನ್ನು. ಆದರೆ 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ, ಪಂಚಾಯಿತಿಗಳಿಗೆ ಇಂಟರ್ನೆಟ್ ಒಯ್ಯುವ ಯೋಜನೆಯ ಫೈಬರ್ (ಬೆಳಕಿನ ಮೂಲಕ ಇಂಟರ್ನೆಟ್ ಸಾಗಿಸುವ ಗಾಜಿನೆಳೆಯ ಕೇಬಲ್) ಪಂಚಾಯಿತಿ ಕಚೇರಿಗೆ ಬಂದಿರುವ ಊರುಗಳಲ್ಲಿ, ನಾನು ಕಂಡಂತೆ, ಕೆಲಸ ಕೆಡುವುದು ಅಲ್ಲಿಂದ ಉಪಕೇಂದ್ರದವರೆಗಿನ ಕೊನೆಯ ಕೆಲವು ನೂರು ಮೀಟರುಗಳಲ್ಲಿ.

ಆ ಫೈಬರನ್ನು ಉಪಕೇಂದ್ರದವರೆಗೆ ಎಳೆಸಲು ಮೊದಲು ಪಿಡಿಒ ಅವರಿಗೂ ಸಂಪರ್ಕ ಕೊಡುವ ಕಚೇರಿಗೂ ಅರ್ಜಿ ಕೊಡಿ.

ಎರಡನೆಯ ಹಂತ ದಾರಿ ಆರಿಸುವುದು. ಅವಸರ ಇಲ್ಲಿ ಸಲ್ಲದು. ಕೇಬಲ್ಲನ್ನು ಅಡಿಕೆ ಮರದಿಂದ ಮರಕ್ಕೆ ಕಟ್ಟಿಕೊಂಡು ಹೋಗಲು ಯಾರಿಗೂ ಬಿಡಬೇಡಿ. ಗಾಳಿಗೆ ಮರ ತೊನೆಯುತ್ತದೆ, ಸೋಗೆ ಬೀಳುತ್ತದೆ, ಅಡಿಕೆ ಗೊನೆ ಇಳಿಸುವ ಕೊನೆಕೊಯ್ಲಿನಲ್ಲಿ ದೋಟಿ ತಗಲುತ್ತದೆ. ಒಂದು ತೋಟದಲ್ಲಿ ಕೊನೆ ಇಳಿಸುವ ಹಗ್ಗವೂ ಕೇಬಲ್ಲೂ ಒಂದಕ್ಕೊಂದು ಸುತ್ತಿಕೊಂಡು, ಕೊನೆಗಾರ ಮರದ ಮೇಲೆ ಕುಳಿತೇ ಕತ್ತಿಯಿಂದ ಕೇಬಲ್ ಕತ್ತರಿಸಿದ್ದನ್ನು ನೋಡಿದ್ದೇನೆ. ಅವನ ತಪ್ಪೇನೂ ಇರಲಿಲ್ಲ. ನೀರಿಗೆ ಬಳಸುವ ಕಪ್ಪು ಪೈಪಿನೊಳಗೆ ಕೇಬಲ್ ತೂರಿಸಿ, ಕನಿಷ್ಠ ಎರಡಡಿ ಆಳದಲ್ಲಿ ಹೂಳಿಸಿ. ಧರೆಯ (ಕಡಿದಾದ ಮಣ್ಣಿನ ದಿಬ್ಬದ) ಬುಡವನ್ನೂ, ವರ್ಷವರ್ಷ ಕೆರೆಯುವ ಬಸಿಗಾಲುವೆಯನ್ನೂ ಬಿಟ್ಟು ದಾರಿ ಹಿಡಿಯಿರಿ. ಅಗೆತಕ್ಕೆ ನವೆಂಬರ್ ಒಳ್ಳೆಯದು: ಆಗ ನೆಲ ಹದವಾಗಿರುತ್ತದೆ, ಡಿಸೆಂಬರಿನಿಂದ ಶುರುವಾಗುವ ಮಂಗನ ಕಾಯಿಲೆಯ ತಿಂಗಳುಗಳಿಗೆ ಸಂಪರ್ಕವೂ ಸಿದ್ಧವಾಗಿರುತ್ತದೆ. ಗೋಡೆಯೊಳಗೆ ಹೋಗುವ ಮುನ್ನ ಕೇಬಲ್ ಒಂದು ಗೇಣು ಇಳಿಬಿದ್ದು ಮೇಲೇರಲಿ, ಮಳೆನೀರು ಅಲ್ಲೇ ತೊಟ್ಟಿಕ್ಕುತ್ತದೆ. ಹೆಚ್ಚುವರಿ ಉದ್ದವನ್ನು ಚಹಾ ಲೋಟದ ಬಾಯಿಗಿಂತ ಚಿಕ್ಕದಾಗಿ ಸುತ್ತಬೇಡಿ, ಬಾಗಿದಲ್ಲಿ ಬೆಳಕು ಸೋರುತ್ತದೆ. ಕೇಬಲ್ಲಿನ ಜೊತೆ ಉಕ್ಕಿನ ತಂತಿ ಇದ್ದರೆ ಅದನ್ನು ಹೊರಗೋಡೆಯಲ್ಲೇ ನಿಲ್ಲಿಸಿ. ಸಿಡಿಲಿಗೆ ಅದು ದಾರಿಯಾಗುತ್ತದೆ.

ಮೂರನೆಯದು ಜೋಡಣೆ. ಕೈಯಲ್ಲಿ ಒತ್ತಿ ಕೂರಿಸುವ ಅಗ್ಗದ ಕನೆಕ್ಟರನ್ನು ನಾನು ಒಪ್ಪುವುದಿಲ್ಲ, ಯಂತ್ರದಲ್ಲಿ ಕರಗಿಸಿಯೇ ಬೆಸೆಯಬೇಕು. ಆಮೇಲೆ ಮೀಟರ್ ಹಿಡಿಸಿ ಬೆಳಕಿನ ಮಟ್ಟ ಓದಿಸಿ. ಸಾಮಾನ್ಯ ಉಪಕರಣಗಳಿಗೆ ಸುಮಾರು ಮೈನಸ್ 27 ಡಿಬಿಎಂ (ಬೆಳಕಿನ ಬಲದ ಅಳತೆ; ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕ್ಷೀಣ) ಕೊನೆಯ ಗಡಿ. ಬೇಸಿಗೆಯಲ್ಲೇ ಮೈನಸ್ 26 ತೋರಿಸುವ ಸಂಪರ್ಕ ಆಷಾಢ ದಾಟುವುದನ್ನು ನಾನಂತೂ ಕಂಡಿಲ್ಲ.

ಕರೆಂಟ್ ಹೋದಾಗಿಗೆಂದು 12 ವೋಲ್ಟ್, 7 ಎಎಚ್ ಬ್ಯಾಟರಿ ಇಟ್ಟರೆ ಮೋಡೆಮ್ ನಾಲ್ಕೈದು ಗಂಟೆ ನಡೆಯುತ್ತದೆ; ಡಬ್ಬಿಯ ಮೇಲೆ ದೊಡ್ಡ ಅಂಕಿ ಬರೆದ ಹೆಸರಿಲ್ಲದ ಮಿನಿ ಯುಪಿಎಸ್‌ಗಳನ್ನು ಕೊಳ್ಳಬೇಡಿ. ಪಂಚಾಯಿತಿ ಕಚೇರಿಯಲ್ಲಿರುವ ಫೈಬರ್ ಪೆಟ್ಟಿಗೆಗೂ ಬ್ಯಾಟರಿ ಇದೆಯೇ ಎಂದು ನೋಡಿ, ಅಲ್ಲಿ ಕತ್ತಲಾದರೆ ನಿಮ್ಮದು ಉರಿದು ಪ್ರಯೋಜನವಿಲ್ಲ.

ಜಂಬಿಟ್ಟಿಗೆ ಗೋಡೆ ದಾಟುವಷ್ಟರಲ್ಲಿ ವೈಫೈ ಸೊರಗುವುದರಿಂದ ಕಂಪ್ಯೂಟರಿಗೆ ವೈರನ್ನೇ ಹಾಕಿ. ವೇಗ ಪರೀಕ್ಷಿಸುವಾಗ ಅಪ್‌ಲೋಡ್ ನೋಡಿ: ರೋಗಿಯ ಮುಖ ವೈದ್ಯರಿಗೆ ತಲುಪುವುದು ಅದರಲ್ಲೇ, 2 ಎಂಬಿಪಿಎಸ್ ಕದಲದೆ ನಿಂತರೆ ಸಾಕು. ಓದಿಸಿದ ಡಿಬಿಎಂ ಅಂಕಿಯನ್ನು ತಾರೀಖಿನೊಡನೆ ಮೋಡೆಮ್ ಪಕ್ಕದ ಗೋಡೆಯ ಮೇಲೆ ಬರೆದಿಡಿ, ಮೊದಲ ಜಡಿಮಳೆಯ ಮರುದಿನ ಮತ್ತೆ ಓದಿಸಿ ಅದರ ಕೆಳಗೇ ಬರೆಯಿರಿ.